ಜಯದೇವಪ್ಪನವರ ಫ್ರೆಂಚು

ಪ್ರತಿದಿನ ಮಾತಾಡಿದರೆ ಭಾಷೆ ಬರುತ್ತದೆ ಎಂಬ ಸಂಗತಿಯನ್ನು ಅತಿಥಿ ಭಾಷಾ ಪ್ರಾಧಿಕಾರದ ಅರಸೀಕೆರೆ ಕಚೇರಿಯು ತೊಂಬತ್ತೆಂಟನೇ ಇಸವಿಯಲ್ಲಿ ಅಧಿಕೃತವಾಗಿ ಕಂಡುಹಿಡಿಯಿತು. ಅಲ್ಲಿಯವರೆಗೆ ಈ ಸೀಮೆಯ ಜನ, ತೊಟ್ಟಿಲ ಮಕ್ಕಳೂ ಸೇರಿದಂತೆ, ಯಾವ ಆದೇಶವೂ ಇಲ್ಲದೆ ಮಾತು ಕಲಿಯುತ್ತಿದ್ದರು. ಇದು ನಿಯಮಬಾಹಿರವೇ ಆಗಿದ್ದರೂ, ಹಿಂದಿನದನ್ನೆಲ್ಲ ಕೆದಕುವುದು ಬೇಡವೆಂದು ಪ್ರಾಧಿಕಾರ ದೊಡ್ಡ ಮನಸ್ಸು ಮಾಡಿ ಬಿಟ್ಟುಬಿಟ್ಟಿತು.

ಬೇಲೂರು, ಹಳೇಬೀಡಿನ ದೇವಸ್ಥಾನ ನೋಡಲು ಬರುವ ವಿದೇಶಿಯರಿಗೆ ಅವರವರ ಭಾಷೆಯಲ್ಲೇ ವಿವರಣೆ ಸಿಗುವಂತೆ ನೋಡಿಕೊಳ್ಳುವುದು ಈ ಪ್ರಾಧಿಕಾರದ ಕೆಲಸ. ಆದ್ದರಿಂದ ಅದರ ಕಚೇರಿಯನ್ನು ಬೇಲೂರಿನಲ್ಲೂ ಇಡದೆ, ಹಳೇಬೀಡಿನಲ್ಲೂ ಇಡದೆ, ಅರಸೀಕೆರೆಯ ಸ್ಟೇಷನ್ ರಸ್ತೆಯ ಒಂದು ಕೊಬ್ಬರಿ ಮಂಡಿಯ ಮಹಡಿಯ ಮೇಲೆ ಇಟ್ಟಿದ್ದರು. ಅರಸೀಕೆರೆಯಲ್ಲಿ ರೈಲು ನಿಲ್ಲುತ್ತದೆ, ಅದೇ ಕಾರಣ. ವಿದೇಶಿಯರು ರೈಲಿನಲ್ಲಿ ಬರುತ್ತಿರಲಿಲ್ಲ, ಬಂದರೂ ಅಲ್ಲಿ ಇಳಿಯುತ್ತಿರಲಿಲ್ಲ. ಅದು ವಿದೇಶಿಯರ ಲೋಪವೆಂದು ವಾರ್ಷಿಕ ವರದಿಯಲ್ಲಿ ಪ್ರತಿವರ್ಷ ತಪ್ಪದೆ ಹೇಳಲಾಗುತ್ತಿತ್ತು. ಕಚೇರಿಯಲ್ಲಿ ಭಾಷಾ ಪ್ರಯೋಗಾಲಯವೊಂದೂ ಇತ್ತು. ಬೀಗದ ಕೈ ಎಲ್ಲಿದೆ ಎಂದು ಯಾರಿಗೂ ತಿಳಿಯದ್ದರಿಂದ ಒಳಗೆ ಏನಿದೆ ಎಂದು ನೋಡಿದವರಿರಲಿಲ್ಲ. ಬಾಗಿಲ ಸಂದಿಯಿಂದ ಕೊಬ್ಬರಿ ವಾಸನೆ ಮಾತ್ರ ಬರುತ್ತಿತ್ತು.

ಕಚೇರಿಯ ಮುಖ್ಯಸ್ಥರು ಸಹಾಯಕ ನಿರ್ದೇಶಕ ಜಯದೇವಪ್ಪನವರು. ಒಳ್ಳೆಯವರು, ಯಾರ ಮೇಲೂ ಕೂಗಾಡಿದವರಲ್ಲ, ಯಾವ ಕೆಲಸಕ್ಕೂ ಆತುರಪಟ್ಟವರಲ್ಲ. ಅವರ ಕೈಕೆಳಗೆ ಸೂಪರಿಂಟೆಂಡೆಂಟ್ ಉಗ್ರಪ್ಪ, ಕಾವಲಿಗೆ ಗಿಡ್ಡಯ್ಯ. ಮೂವರೂ ಸೇರಿ ಕಚೇರಿಯನ್ನು ಎಷ್ಟು ಶಾಂತವಾಗಿ ನಡೆಸಿಕೊಂಡು ಬಂದಿದ್ದರೆಂದರೆ, ಯಾವ ವಿದೇಶಿ ಭಾಷೆಯ ಒಂದು ಪದವೂ ಅಲ್ಲಿ ಎಂದೂ ಕೇಳಿಬಂದಿರಲಿಲ್ಲ. ಹೀಗಿರುವಾಗ ಒಂದು ದಿನ ಬೆಂಗಳೂರಿನ ಮುಖ್ಯ ಕಚೇರಿಯಿಂದ ಫೋನು ಬಂತು. ಹಳೇಬೀಡಿನಲ್ಲಿ ಒಬ್ಬ ಹೆಣ್ಣುಮಗಳು ಅಚ್ಚುಕಟ್ಟಾಗಿ ಫ್ರೆಂಚ್ ಮಾತಾಡುತ್ತಾಳೆಂದು ಫ್ರಾನ್ಸಿನ ಪ್ರವಾಸಿಗರು ಬಾಯಿತುಂಬ ಹೊಗಳಿದ್ದಾರೆ, ಇದು ನಿಮ್ಮ ವ್ಯಾಪ್ತಿಯಲ್ಲಿ ಹೇಗೆ ನಡೆಯಿತು, ಕೂಡಲೇ ಸಮಜಾಯಿಷಿ ಕೊಡಿ ಎಂದು.

ಜಯದೇವಪ್ಪನವರು ಫೋನು ಇಟ್ಟವರೇ ಎದ್ದು ನಿಂತರು. "ರೀ ಉಗ್ರಪ್ಪ, ನಮ್ಮನ್ನ ಕೇಳ್ದೆ ಯಾರ್ರೀ ಅದು ಫ್ರೆಂಚ್ ಮಾತಾಡ್ತಿರೋದು? ಹೋಗಿ ವಿಚಾರಿಸ್ಕೊಂಡು ಬನ್ನಿ," ಎಂದರು. ಉಗ್ರಪ್ಪ ಅವತ್ತೇ ಜೀಪು ಹತ್ತಿದರು.

ಮಾತಾಡುತ್ತಿದ್ದವಳು ಯಶೋಧರಾ. ಅಪ್ಪ ಗಂಗಯ್ಯ ಪ್ರೈಮರಿ ಸ್ಕೂಲಿನ ಮೇಷ್ಟ್ರಾಗಿದ್ದವರು, ಮಗಳಿಗೆ ಬುದ್ಧನ ಹೆಂಡತಿಯ ಹೆಸರಿಟ್ಟು, ಹಾಸನದ ಕಾಲೇಜಿಗೆ ಕಳಿಸಿ ಬಿ.ಎ. ಓದಿಸಿ ತೀರಿಕೊಂಡಿದ್ದರು. ಮನೆಯಲ್ಲಿ ಈಗ ಅವಳು, ಚಿಕ್ಕಮ್ಮ ಎಂಬ ಹೆಸರಿನ ಅವ್ವ, ಒಂದು ಎಮ್ಮೆ. ಯಶೋಧರಾ ದೇವಸ್ಥಾನದಲ್ಲಿ ಗೈಡು. ಆದರೆ ಅವಳ ಹತ್ತಿರ ಇದ್ದದ್ದು ತಾತ್ಕಾಲಿಕ ಕಾರ್ಡು. ಕಾಯಂ ಗೈಡುಗಳಿಗೆ ಎದೆ ಮೇಲೆ ಹಿತ್ತಾಳೆ ಬಿಲ್ಲೆ ಇರುತ್ತದೆ. ಬಿಲ್ಲೆಯವರು ಬಂದರೆ ಕಾರ್ಡಿನವರು ಎದ್ದು ಜಾಗ ಬಿಡಬೇಕು, ಗೇಟಿನವನು "ಏಯ್, ಆ ಕಡೆ ಹೋಗಮ್ಮ" ಎಂದರೆ ಆ ಕಡೆಗೆ ಹೋಗಬೇಕು. ಎಷ್ಟೋ ಸಲ ಫ್ರೆಂಚರ ಬಸ್ಸು ಬಂದಾಗ ಇವಳು ಗೇಟಿನ ಆಚೆ ಎಳನೀರು ಗಾಡಿಯ ಹತ್ತಿರ ನಿಂತಿರುತ್ತಿದ್ದಳು. ಒಳಗೆ ಬಿಲ್ಲೆಯವರು "ಎಲಿಫೆಂಟ್, ಲಯನ್, ಹಾರ್ಸ್" ಎಂದು ಇಂಗ್ಲಿಷಿನಲ್ಲೇ ಮುಗಿಸಿ ಕಳಿಸುತ್ತಿದ್ದರು. ಯಶೋಧರಾಳಿಗೆ ಹೊಟ್ಟೆ ಉರಿಯುತ್ತಿತ್ತು. ಆ ಬಿಲ್ಲೆ ಒಂದು ಸಿಕ್ಕಿಬಿಟ್ಟರೆ ಸಾಕು ಎಂದು ಅವಳು ಬೇಡದ ದೇವರಿರಲಿಲ್ಲ, ಮನೆಯಲ್ಲಿ ದೇವರಿಗಿಂತ ಬುದ್ಧನ ಕ್ಯಾಲೆಂಡರೇ ದೊಡ್ಡದಾಗಿದ್ದರೂ.

ಫ್ರೆಂಚು ಅವಳಿಗೆ ಬಂದ ಬಗೆ ಹೀಗೆ. ಪ್ರವಾಸಕ್ಕೆ ಬಂದಿದ್ದ ಒಬ್ಬ ಫ್ರೆಂಚ್ ಮೇಡಮ್ಮು ಮಕ್ಕಳ ಪಾಠದ ಒಂದು ಪುಸ್ತಕವನ್ನೂ ಎರಡು ಕ್ಯಾಸೆಟ್ಟುಗಳನ್ನೂ ಕೈಗಿಟ್ಟು ಹೋಗಿದ್ದರು. ಕೇಳಿ ಕೇಳಿ ಕ್ಯಾಸೆಟ್ಟಿನ ಟೇಪು ಸುರುಳಿ ಬಿಚ್ಚಿಕೊಂಡ ಮೇಲೆ ಇವಳು ತಾನೇ ಮಾತಾಡಲು ಶುರುಮಾಡಿದಳು. ಬೆಳಿಗ್ಗೆ ಎದ್ದು ಎಮ್ಮೆ ಹೊಡೆದುಕೊಂಡು ಕೆರೆ ಏರಿ ಮೇಲೆ ಹೋಗುವುದು, ಕಣ್ಣಿಗೆ ಕಂಡದ್ದನ್ನೆಲ್ಲ ಗಟ್ಟಿಯಾಗಿ ಫ್ರೆಂಚಿನಲ್ಲಿ ಹೇಳುವುದು. ಎಮ್ಮೆ ಕೂತಿದೆ. ಎಮ್ಮೆ ಎದ್ದಿತು. ಒಬ್ಬ ಮುದುಕ ಬಟ್ಟೆ ಒಗೆಯುತ್ತಿದ್ದಾನೆ, ಅವನಿಗೆ ಸೋಪು ಸಾಲದು. ಪದ ಸಿಗದಿದ್ದ ಕಡೆ ಕನ್ನಡದ್ದನ್ನೇ ತುರುಕಿ ಮುಂದೆ ಹೋಗುತ್ತಿದ್ದಳು, ನಿಲ್ಲುತ್ತಿರಲಿಲ್ಲ. ಮನೆಗೆ ಬಂದು ಆ ಪದ ಹುಡುಕಿ ಮಾರನೆಯ ದಿನ ಅದನ್ನು ಎಮ್ಮೆಗೆ ಒಪ್ಪಿಸುತ್ತಿದ್ದಳು. ತಿಂಗಳುಗಳು ಕಳೆದಂತೆ ನಿನ್ನೆ ಕೂತಿದ್ದ ಎಮ್ಮೆಗೂ ನಾಳೆ ಕೂರಲಿರುವ ಎಮ್ಮೆಗೂ ಅವಳ ಫ್ರೆಂಚಿನಲ್ಲಿ ದಾರಿಯಾಯಿತು. ಆಮೇಲೆ, ಎಮ್ಮೆ ಕೂರದೇ ಇದ್ದಿದ್ದರೆ ನಾನು ಇಷ್ಟು ಹೊತ್ತಿಗೆ ಮನೆಯಲ್ಲಿರುತ್ತಿದ್ದೆ ಎಂದು ಬೈಯುವಷ್ಟು ಮುಂದುವರಿದಳು. ದಾರಿಯಲ್ಲಿ ಹೋಗುವವರು, "ಮೇಷ್ಟ್ರ ಮಗಳಿಗೆ ಗಾಳಿ ಸೋಕೈತೆ" ಎಂದು ಮಾತಾಡಿಕೊಂಡು ಮುಂದೆ ಹೋಗುತ್ತಿದ್ದರು.

ಒಂದು ಸಲ ದೇವಸ್ಥಾನದಲ್ಲಿ ಒಬ್ಬ ವಯಸ್ಸಾದ ಫ್ರೆಂಚರು ನೀರು ಬಿದ್ದಿದ್ದ ಕಲ್ಲಿನ ಮೇಲೆ ಕಾಲಿಟ್ಟರು. ಯಶೋಧರಾ "ಜೋಪಾನ" ಅಂದಳು. ಅಂದದ್ದು ಫ್ರೆಂಚಿನಲ್ಲಿ. ಅಂದ ಮೇಲೆ ಅವಳಿಗೇ ಗೊತ್ತಾಯಿತು, ಅದು ಕನ್ನಡದಿಂದ ಹೊರಟು ಬಂದದ್ದಲ್ಲ, ನೇರ ಬಾಯಿಗೇ ಬಂದದ್ದು ಎಂದು. ಅವತ್ತು ಅವಳಿಗಾದ ಖುಷಿ ಅಷ್ಟಿಷ್ಟಲ್ಲ. ಬಸ್ ಸ್ಟ್ಯಾಂಡಿನ ಅಂಗಡಿಯಿಂದ ಜಿಲೇಬಿ ಕಟ್ಟಿಸಿಕೊಂಡು ಹೋಗಿ ಅವ್ವನಿಗೆ ತಿನ್ನಿಸಿದಳು, ಎಮ್ಮೆಗೂ ಒಂದು ಕೊಟ್ಟಳು.

ಉಗ್ರಪ್ಪ ಬಂದು ವಿಚಾರಣೆ ನಡೆಸಿದ್ದು ಈ ಮನೆಯ ಜಗುಲಿಯ ಮೇಲೆ.

"ಯಾರಮ್ಮ ನಿನಗೆ ಫ್ರೆಂಚ್ ಕಲಿಸಿದ್ದು?"

"ಯಾರೂ ಇಲ್ಲ ಸಾರ್. ದಿನಾ ನಾನೇ ಮಾತಾಡ್ಕೊಂಡೆ."

"ಯಾರ ಜೊತೆ?"

"ನನ್ನ ಜೊತೇನೇ. ಎಮ್ಮೆ ಜೊತೆ ಒಂದಿಷ್ಟು."

"ಎಮ್ಮೆಗೆ ಫ್ರೆಂಚ್ ಬರುತ್ತಾ?"

"ಇಲ್ಲ ಸಾರ್."

"ಹಂಗಾದ್ರೆ ಎಮ್ಮೆ ಮೇಲೆ ಆರೋಪ ಇಲ್ಲ," ಎಂದು ಉಗ್ರಪ್ಪ ನ್ಯಾಯವಾಗಿ ತೀರ್ಮಾನಿಸಿ, "ಮಾತಾಡ್ಕೊಳ್ಳೋಕೆ ಯಾರ ಅನುಮತಿ ತಗೊಂಡಿದ್ದೆ?" ಎಂದು ಕೇಳಿದರು.

ಒಳಗಿನಿಂದ ಚಿಕ್ಕಮ್ಮ ಹೊರಗೆ ಬಂದಳು. "ಏನ್ ಸೋಮಿ ಹಿಂಗ್ ಕೇಳ್ತೀರಿ? ಬಾಯಿ ಅವಳ್ದು, ಎಮ್ಮೆ ನಮ್ದು. ಇದಕ್ಯಾರ್ ಅಪ್ಪಣೆ ಬೇಕು?"

ಉಗ್ರಪ್ಪ ನೊಂದುಕೊಂಡರು. ಜನರಿಗೆ ಎಷ್ಟು ತಿಳಿವಳಿಕೆ ಕೊಟ್ಟರೂ ಅಷ್ಟೇ ಎಂದುಕೊಂಡು, ಚಿಕ್ಕಮ್ಮ ಕೊಟ್ಟ ಗಟ್ಟಿ ಮಜ್ಜಿಗೆಯನ್ನು ಕುಡಿದು, ಇನ್ನೊಂದು ಲೋಟ ಕುಡಿದು, ಅರಸೀಕೆರೆಗೆ ಹಿಂತಿರುಗಿದರು.

ಅವರ ವರದಿ ಕೇಳಿ ಬೆಂಗಳೂರಿನವರು ದಂಗಾದರು. ಕೋಟಿಗಟ್ಟಲೆ ಖರ್ಚಿನ ಪ್ರಯೋಗಾಲಯಗಳಿಂದ ಆಗದ್ದು ಬರೀ ಮಾತಾಡುವುದರಿಂದ ಆಗುತ್ತದೆ ಎನ್ನುವುದಾದರೆ, ಬರೀ ಮಾತಾಡುವುದನ್ನು ಕೂಡಲೇ ಯೋಜನೆಯಾಗಿ ಮಾಡದೆ ಬೇರೆ ದಾರಿಯಿರಲಿಲ್ಲ. ವಾರದೊಳಗೆ ಅರಸೀಕೆರೆ, ಬೇಲೂರು, ಹಳೇಬೀಡು ಮೂರೂ ಕಡೆ ಗೋಡೆಗೆ ಪ್ರಕಟಣೆ ಅಂಟಿತು:

"ಈ ಮೂಲಕ ಸಂಬಂಧಪಟ್ಟ ಎಲ್ಲರಿಗೂ ತಿಳಿಯಪಡಿಸುವುದೇನೆಂದರೆ, ಭಾಷೆಯು ನಿಯತ ಸ್ವಂತ ಅಭ್ಯಾಸದಿಂದ ಬರುತ್ತದೆ ಎಂಬುದು ಪ್ರಾಧಿಕಾರದ ಗಮನಕ್ಕೆ ಬಂದಿರುತ್ತದೆ. ಆದ್ದರಿಂದ ಇನ್ನು ಮುಂದೆ ಎಲ್ಲಾ ಅಧಿಕಾರಿಗಳೂ ಮಾರ್ಗದರ್ಶಿಗಳೂ ಪ್ರತಿದಿನ ಬೆಳಿಗ್ಗೆ ತಮ್ಮಷ್ಟಕ್ಕೆ ತಾವು ಫ್ರೆಂಚ್ ಮಾತಾಡಿಕೊಳ್ಳತಕ್ಕದ್ದು. ಮಾತಾಡುವಾಗ ನಿಲ್ಲತಕ್ಕದ್ದಲ್ಲ. ಗೊತ್ತಿಲ್ಲದ ಪದ ಬಂದಲ್ಲಿ ಕನ್ನಡ ಪದ ಹಾಕಿಕೊಂಡು ಮುಂದುವರಿಯತಕ್ಕದ್ದು. ಯಾವ ಪದವೂ ಗೊತ್ತಿಲ್ಲದವರು ಎಲ್ಲಾ ಕಡೆಯೂ ಕನ್ನಡ ಪದ ಹಾಕಿಕೊಳ್ಳಬಹುದು. ಎಮ್ಮೆಯನ್ನು ಅವರವರೇ ಹೊಂದಿಸಿಕೊಳ್ಳತಕ್ಕದ್ದು. ಪರೀಕ್ಷೆಯಲ್ಲಿ ತೇರ್ಗಡೆಯಾದ ಅಧಿಕಾರಿಗಳಿಗೆ ಪ್ಯಾರಿಸ್ ನಗರಕ್ಕೆ ಅಧ್ಯಯನ ಪ್ರವಾಸ, ಮಾರ್ಗದರ್ಶಿಗಳಿಗೆ ಕಾಯಂ ಬಿಲ್ಲೆ ನೀಡಲಾಗುವುದು."

ಬಿಲ್ಲೆ ಎಂಬ ಪದ ಕಂಡು ಯಶೋಧರಾ ಪ್ರಕಟಣೆಯನ್ನು ಮೊದಲಿನಿಂದ ಮತ್ತೊಮ್ಮೆ ಓದಿದಳು. ಪ್ಯಾರಿಸ್ ಎಂಬ ಪದ ಕಂಡು ಜಯದೇವಪ್ಪನವರೂ ಹಾಗೇ ಮಾಡಿದರು. ಆದರೆ ಜಯದೇವಪ್ಪನವರಿಗೆ ಬೆಳಿಗ್ಗೆ ಬಿಡುವಿರಲಿಲ್ಲ. ಸಕ್ಕರೆ ಕಾಯಿಲೆಗೆ ವಾಕಿಂಗು, ಆಮೇಲೆ ಪೂಜೆ, ಆಮೇಲೆ ಪೇಪರು. ಇಂಥ ಅಧಿಕಾರಿ ಸ್ವಂತ ಅಭ್ಯಾಸಕ್ಕೆ ಸ್ವಂತ ಸಮಯ ಎಲ್ಲಿಂದ ತರಬೇಕು? ಇದನ್ನು ಯೋಜನೆ ಮಾಡಿದವರು ಯೋಚಿಸಿರಲಿಲ್ಲ.

ದಾರಿ ತೋರಿಸಿದ್ದು ಮಾಲೇಕಲ್ಲು ಬೆಟ್ಟ. ಹಿಂದೊಮ್ಮೆ ಜಯದೇವಪ್ಪನವರ ತಾಯಿ, ಮಗನಿಗೆ ಪ್ರಮೋಷನ್ ಆದರೆ ಬರಿಗಾಲಲ್ಲಿ ಮಾಲೇಕಲ್ಲು ತಿರುಪತಿ ಬೆಟ್ಟ ಹತ್ತುತ್ತೇನೆಂದು ಹರಕೆ ಹೊತ್ತಿದ್ದರು. ಪ್ರಮೋಷನ್ ಬಂತು, ಅಷ್ಟರಲ್ಲಿ ಮಂಡಿ ಹೋಯಿತು. ಆಗ ಕಚೇರಿಯ ಗಿಡ್ಡಯ್ಯ ಬೆಟ್ಟದ ಬುಡದಲ್ಲಿ ನಿಂತು ಕೈಮುಗಿದು, "ಇದು ಸಾಯೇಬ್ರ ತಾಯಿ ಹತ್ತಾ ಇರೋದು, ನಾನಲ್ಲ" ಎಂದು ಹೇಳಿ ಹತ್ತಿಬಂದಿದ್ದ. ತಾಯಿ ಕೆಳಗೆ ಕಾರಿನಲ್ಲೇ ಕೂತು ಪ್ರಸಾದ ತಿಂದು ಪುಣ್ಯ ಪಡೆದಿದ್ದರು. ದೇವರು ಆಕ್ಷೇಪಣೆ ಎತ್ತಿರಲಿಲ್ಲ.

"ಬೆಟ್ಟನೇ ಒಬ್ಬರ ಹೆಸರಲ್ಲಿ ಇನ್ನೊಬ್ಬರು ಹತ್ತಬಹುದು ಅಂದ್ಮೇಲೆ, ಒಂದು ಭಾಷೆ ಏನ್ ಮಹಾ ಕಣ್ರೀ?" ಎಂದರು ಜಯದೇವಪ್ಪ.

ಉಗ್ರಪ್ಪನಿಗೆ ರೋಮಾಂಚನವಾಯಿತು. ಸ್ವಂತ ಅಭ್ಯಾಸವನ್ನು ಪ್ರತಿನಿಧಿಯ ಮೂಲಕವೂ ಮಾಡಿಸಬಹುದೆಂದು ತಿದ್ದುಪಡಿ ಹೊರಟಿತು. ಬೆಂಗಳೂರಿನ ದೊಡ್ಡ ಸಾಹೇಬರುಗಳಿಗೂ ಬೆಳಿಗ್ಗೆ ವಾಕಿಂಗ್ ಇದ್ದುದರಿಂದ ಅದಕ್ಕೆ ಅದೇ ದಿನ ಮಂಜೂರಾತಿ ಸಿಕ್ಕಿತು. ಅರಸೀಕೆರೆಯ ಸಹಾಯಕ ನಿರ್ದೇಶಕರ ಸ್ವಂತ ಅಭ್ಯಾಸಕ್ಕೆ ಹಳೇಬೀಡಿನ ಯಶೋಧರಾಳನ್ನು ನೇಮಿಸಲಾಯಿತು.

ಉಗ್ರಪ್ಪ ಮತ್ತೆ ಜಗುಲಿಗೆ ಬಂದರು. ದಿನಾ ಬೆಳಿಗ್ಗೆ ಮಾತು ಶುರುಮಾಡುವ ಮೊದಲು ಕೆರೆಯ ನೀರನ್ನು ಅಂಗೈಯಲ್ಲಿ ಹಿಡಿದು ಹೇಳಬೇಕಾದ ಸಂಕಲ್ಪವನ್ನು ಅವರೇ ಸಿದ್ಧಪಡಿಸಿಕೊಂಡು ತಂದಿದ್ದರು: "ಅರಸೀಕೆರೆ ಕಚೇರಿಯ, ಗೆಜೆಟೆಡ್ ದರ್ಜೆಯ, ಶ್ರೀ ಜಯದೇವಪ್ಪನವರ ಹೆಸರಿನಲ್ಲಿ, ಫಲವು ಅವರ ನಾಲಿಗೆಗೇ ಸಲ್ಲುವಂತೆ, ಈ ದಿನದ ಫ್ರೆಂಚನ್ನು ಮಾತಾಡುತ್ತೇನೆ."

"ನನ್ ಹೆಸರು ಎಲ್ಲಿ ಬರುತ್ತೆ ಸಾರ್?" ಎಂದಳು ಯಶೋಧರಾ.

"ಬರಬಾರದು. ಬಂದ್ರೆ ಫಲ ಅರ್ಧರ್ಧ ಆಗಿಬಿಡುತ್ತೆ."

"ಮಾತಾಡೋದು ನಾನು, ಕಲಿಯೋದು ಅವರು, ಹಿಂಗೂ ಉಂಟಾ ಸಾರ್?"

"ಬೆಟ್ಟ ಹತ್ತಿದ್ದು ಗಿಡ್ಡಯ್ಯ, ಪುಣ್ಯ ಬಂದಿದ್ದು ಅಮ್ಮನವರಿಗೆ. ದೇವರಿಗಿಂತ ನೀನು ದೊಡ್ಡವಳೇನಮ್ಮ?" ಎಂದು ಉಗ್ರಪ್ಪ ದನಿ ಇಳಿಸಿ, "ಸಾಹೇಬರಿಗೆ ಬಂದ್ಬಿಡಲಿ. ನಿನ್ನ ಬಿಲ್ಲೆ ಎಲ್ಲಿಗೂ ಹೋಗಲ್ಲ," ಎಂದರು.

ಯಶೋಧರಾಳ ಮೈ ಉರಿದುಹೋಯಿತು. ಆಗಲ್ಲ ಎಂದೇ ಹೇಳುವವಳಿದ್ದಳು. ಅವ್ವ ಸೆರಗು ಹಿಡಿದು ಒಳಗೆ ಎಳೆದುಕೊಂಡಳು. "ಸುಮ್ಕಿರೇ. ನಿಮ್ಮಪ್ಪ ಮೇಷ್ಟ್ರಾದ್ರೂನೂ ಕೆಲವ್ರ ಜಗುಲಿ ಕೆಳ್ಗೇ ನಿಂತ್ಕಂಡು ಮಾತಾಡ್ದೋರು. ಆ ಬಿಲ್ಲೆ ಒಂದ್ ನಿನ್ ಎದೆ ಮ್ಯಾಲೆ ಕುಂತ್ರೆ ಯಾವನೂ ಗೇಟಿಂದ ಆಚೆಗೋಗು ಅನ್ನಂಗಿಲ್ಲ. ಅವನ ಹೆಸರು ಒಂಚೂರು ಹೇಳಿದ್ರೆ ನಿನ್ ನಾಲಿಗೆ ಸವೆದೋಯ್ತದಾ?"

ಸರಿ, ಒಪ್ಪಿಕೊಂಡಳು. ಆದರೆ ಒಂದು ತೊಡಕು ಉಳಿಯಿತು. ಯಶೋಧರಾಳೂ ಬಿಲ್ಲೆಗಾಗಿ ತನ್ನ ಸ್ವಂತ ಅಭ್ಯಾಸ ತೋರಿಸಬೇಕು. ಒಂದೇ ಬಾಯಿಯನ್ನು ಇಬ್ಬರ ಲೆಕ್ಕಕ್ಕೆ ಹಿಡಿಯುವಂತಿಲ್ಲ. ಸಾಹೇಬರ ಅಭ್ಯಾಸದಲ್ಲಿ ತೊಡಗಿರುವ ಮಾರ್ಗದರ್ಶಿಗೆ ಅನ್ಯಾಯವಾಗಬಾರದೆಂದು ಪ್ರಾಧಿಕಾರವು ಅವಳ ಸ್ವಂತ ಅಭ್ಯಾಸವನ್ನು ಮಾಡಲು ಗಿಡ್ಡಯ್ಯನನ್ನು ನಿಯೋಜಿಸಿತು. ಹೆಸರಿನಲ್ಲಿ ಮಾಡುವ ಕೆಲಸದಲ್ಲಿ ಅವನಿಗೆ ಪೂರ್ವಾನುಭವವಿತ್ತು.

ಹೀಗೆ ಕೆರೆ ಏರಿ ಮೇಲೆ ಎರಡು ಅಭ್ಯಾಸ ಶುರುವಾದವು. ಏರಿಯ ಈ ತುದಿಯಲ್ಲಿ ಯಶೋಧರಾ ನೀರು ಬಿಟ್ಟು ಜಯದೇವಪ್ಪನವರ ಹೆಸರು ಹೇಳಿ ಫ್ರೆಂಚಿನಲ್ಲಿ ಮಾತಾಡುವಳು. ಆ ತುದಿಯಲ್ಲಿ ಗಿಡ್ಡಯ್ಯ ನೀರು ಬಿಟ್ಟು, "ಇದು ಯಸೋದರಮ್ಮ ಮಾತಾಡ್ತಿರೋದು, ನಾನಲ್ಲ" ಎಂದು ಹೇಳಿ, ಬೀಡಿ ಹಚ್ಚಿ, ಎಮ್ಮೆಯ ಹತ್ತಿರ ತನ್ನ ಸೊಸೆಯ ಮೇಲಿನ ದೂರುಗಳನ್ನು ಹೇಳಿಕೊಳ್ಳುವನು. ಅವನಿಗೆ ಗೊತ್ತಿಲ್ಲದ ಪದ ಬಂದ ಕಡೆಯೆಲ್ಲ ನಿಯಮದಂತೆ ಕನ್ನಡ ಪದ ಹಾಕಿಕೊಳ್ಳುತ್ತಿದ್ದ. ಎಲ್ಲವೂ ಗೊತ್ತಿಲ್ಲದವೇ ಆಗಿದ್ದವು. ಉಗ್ರಪ್ಪ ಆಗಾಗ ಬಂದು ನೋಡಿ, ಗಿಡ್ಡಯ್ಯ ಎಲ್ಲೂ ನಿಲ್ಲದೆ ಮಾತಾಡುವುದನ್ನು ಕೇಳಿ ತಲೆದೂಗುತ್ತಿದ್ದರು. ಯಶೋಧರಾ ಒಂದೊಂದು ಸಲ ಪದ ಹುಡುಕುತ್ತ ತಡವರಿಸುತ್ತಿದ್ದಳು. ಅದು ಅವರಿಗೆ ಸರಿಕಾಣಲಿಲ್ಲ.

"ಗಿಡ್ಡಯ್ಯನ್ನ ನೋಡಿ ಕಲಿಯಮ್ಮ," ಎಂದರು.

ಪರೀಕ್ಷೆ ನಡೆದದ್ದು ಬೇಲೂರಿನ ಪ್ರವಾಸಿ ಮಂದಿರದಲ್ಲಿ. ಬೆಂಗಳೂರಿನಿಂದ ಬಂದ ಪರೀಕ್ಷಕರು ಫ್ರೆಂಚಿನಲ್ಲಿ ಉನ್ನತ ದರ್ಜೆ ಪಡೆದವರು. ಅವರ ಅಭ್ಯಾಸವನ್ನು ಮಾಡಿದ ಗುಮಾಸ್ತೆ ಹೆರಿಗೆ ರಜೆಯಲ್ಲಿದ್ದುದರಿಂದ ಅವರಿಗೆ ಆ ದಿನ ಫ್ರೆಂಚ್ ಅರ್ಥವಾಗುತ್ತಿರಲಿಲ್ಲ. ಇದನ್ನು ಅವರು ಮೊದಲೇ ಪ್ರಾಮಾಣಿಕವಾಗಿ ತಿಳಿಸಿದರು, ಪರೀಕ್ಷೆಗೆ ಇದರಿಂದ ಯಾವ ಬಾಧಕವೂ ಇಲ್ಲವೆಂದೂ ಹೇಳಿದರು.

ಮೊದಲು ಜಯದೇವಪ್ಪನವರು ಕೂತರು. ಅವರ ಕುರ್ಚಿಯ ಹಿಂದೆ ಯಶೋಧರಾ ನಿಂತಳು.

"ಹಳೇಬೀಡಿನ ಬಗ್ಗೆ ನಾಲ್ಕು ಮಾತು ಹೇಳಿ," ಎಂದರು ಪರೀಕ್ಷಕರು.

ಜಯದೇವಪ್ಪನವರು ಕಾಫಿ ಲೋಟ ಎತ್ತಿಕೊಂಡರು. ಹಿಂದಿನಿಂದ ಯಶೋಧರಾ ಶುರುಮಾಡಿದಳು. ಗೋಡೆಯ ತಳದಿಂದ ಸಾಲಾಗಿ ನಡೆದುಹೋಗುವ ಆನೆಗಳು, ಒಂದರಂತೆ ಇನ್ನೊಂದಿಲ್ಲದ್ದು, ಅವುಗಳನ್ನು ಕೆತ್ತಿದವನಿಗೆ ಬೇಜಾರಾದಾಗ ಒಂದು ಆನೆಯ ಕೈಯಲ್ಲಿ ತುಂಟತನ ಮಾಡಿಸಿದ್ದು, ಬೆಳಗಿನ ಬಿಸಿಲು ಯಾವ ಗೊಂಬೆಯ ಮುಖಕ್ಕೆ ಮೊದಲು ಬೀಳುತ್ತದೆ ಎನ್ನುವುದು. ಮಾತಾಡುತ್ತ ಮಾತಾಡುತ್ತ ಅವಳು ಯಾರ ಕುರ್ಚಿಯ ಹಿಂದೆ ನಿಂತಿದ್ದೇನೆ ಎಂಬುದನ್ನೇ ಮರೆತಳು. ಅಷ್ಟು ಚೆನ್ನಾಗಿ ಅವಳು ಹಿಂದೆಂದೂ ಮಾತಾಡಿರಲಿಲ್ಲ.

"ಜಯದೇವಪ್ಪನವರೇ, ಅದ್ಭುತ," ಎಂದರು ಪರೀಕ್ಷಕರು.

"ಏನೋ, ದಿನಾ ಅಭ್ಯಾಸ ಅಷ್ಟೇ ಸರ್," ಎಂದು ಜಯದೇವಪ್ಪನವರು ತಲೆ ತಗ್ಗಿಸಿದರು.

ಆಮೇಲೆ ಯಶೋಧರಾಳ ಹೆಸರು ಕರೆದರು. ಅವಳು ಮುಂದೆ ಬಂದು ನಮಸ್ಕಾರ ಮಾಡಿ ಮಾತು ಶುರುಮಾಡಿದಳೋ ಇಲ್ಲವೋ, ಪರೀಕ್ಷಕರು ಕೈ ಎತ್ತಿ ತಡೆದರು.

"ಇದೇನಮ್ಮ ಇದು? ಈ ಫ್ರೆಂಚ್ ಯಾರದು?"

"ನಂದೇ ಸಾರ್."

"ಈಗ ತಾನೇ ಇದನ್ನ ಜಯದೇವಪ್ಪನವರ ಲೆಕ್ಕಕ್ಕೆ ಪಾಸು ಮಾಡಿದ್ದೀನಿ. ಅದೇ ಫ್ರೆಂಚನ್ನ ಮತ್ತೆ ತೋರಿಸ್ತಿದ್ದೀಯಲ್ಲ?"

"ಸಾರ್, ಅದು ನನ್ನ ಬಾಯಿಂದ ಬರ್ತಿರೋದು. ನಾನು ಕಲಿತಿದ್ದು. ಈ ಯೋಜನೆ ಬರೋಕ್ ಮುಂಚೇನೇ ಕಲಿತಿದ್ದು," ಎಂದಳು. ಅಷ್ಟು ಜನರೆದುರು ಅಳಬಾರದೆಂದು ತುಟಿ ಕಚ್ಚಿ ಹಿಡಿದಳು.

ಉಗ್ರಪ್ಪ ಎದ್ದು ನಿಂತು ವಿವರಿಸಿದರು. "ಸರ್, ದಿನಾ ನೀರು ಬಿಟ್ಟು ಸಂಕಲ್ಪ ಮಾಡಿ ಕೊಟ್ಟಿದ್ದಾಳೆ. ನಾನೇ ಕಣ್ಣಾರೆ ನೋಡಿದ್ದೀನಿ. ಈಗ ನಂದು ಅಂದ್ರೆ ಹೇಗೆ?"

"ನೋಡಮ್ಮ," ಎಂದು ಪರೀಕ್ಷಕರು ಕನಿಕರದಿಂದಲೇ ಹೇಳಿದರು, "ಮೇಲಧಿಕಾರಿಗಳ ಫ್ರೆಂಚನ್ನು ಖಾಸಗಿ ಉಪಯೋಗಕ್ಕೆ ಬಳಸೋದು ಸರ್ಕಾರಿ ಸ್ವತ್ತಿನ ದುರುಪಯೋಗ ಆಗುತ್ತೆ. ಹೆಣ್ಣುಮಗಳು ಅಂತ ಈ ಸಲ ಬಿಟ್ಟಿದ್ದೀನಿ. ನಿನ್ನ ಫ್ರೆಂಚ್ ಎಲ್ಲಿದೆ? ಅವನನ್ನ ಕರಿ."

ಗಿಡ್ಡಯ್ಯ ಬೀಡಿ ಆರಿಸಿ ಕಿವಿಗೆ ಸಿಕ್ಕಿಸಿಕೊಂಡು ಒಳಗೆ ಬಂದ. ಯಶೋಧರಾಳನ್ನು ಅವನ ಮುಂದಿನ ಕುರ್ಚಿಯಲ್ಲಿ ಕೂರಿಸಿದರು. ಗಿಡ್ಡಯ್ಯನಿಗೆ ಹೆದರಿಕೆಯಾಗಿತ್ತು, ಆದರೂ ಅಭ್ಯಾಸಬಲ ಕೈಕೊಡಲಿಲ್ಲ.

"ಏನ್ ಯೋಳನ ಸೋಮಿ, ನಮ್ ಸೊಸೆ ಬಂದ್ ಮ್ಯಾಲೆ ಮನೇಲಿ ಒಂದ್ ಹೊತ್ ನೆಟ್ಟಗೆ ಮುದ್ದೆ ಇಲ್ಲ. ಸಾರಿಗೆ ಉಪ್ಪಾಕಿದ್ರೆ ಹುಳಿ ಇರಕಿಲ್ಲ, ಹುಳಿ ಹಾಕಿದ್ರೆ ಉಪ್ಪಿರಕಿಲ್ಲ. ಮಗನ್ ಕೇಳಿದ್ರೆ ಅವಳ ಕಡೀಕೇ ಮಾತಾಡ್ತಾನೆ. ಈ ಎಮ್ಮೆ ಒಂದೇ ಸೋಮಿ ನನ್ ಕಸ್ಟ ಕೇಳಾದು..."

ಅವನು ನಿಲ್ಲಲೇ ಇಲ್ಲ. ಪರೀಕ್ಷಕರು ಕಣ್ಣು ಮುಚ್ಚಿ ಕೇಳಿದರು. ನಡುವೆ ಮುದ್ದೆ, ಸಾರು ಎಂಬಂಥ ಒಂದೆರಡು ಕನ್ನಡ ಪದ ಕಿವಿಗೆ ಬಿದ್ದವು, ಅದಕ್ಕೆ ನಿಯಮದಲ್ಲಿ ಅವಕಾಶವಿತ್ತು. "ಉಚ್ಚಾರಣೆ ಸ್ವಲ್ಪ ಹಳ್ಳಿ ಕಡೆ ಫ್ರೆಂಚು. ಆದರೆ ನಿರರ್ಗಳ," ಎಂದು ಹೇಳಿ ಯಶೋಧರಾಳನ್ನು ತೇರ್ಗಡೆ ಮಾಡಿದರು.

ಬಿಲ್ಲೆ ಬಂತು. ಹಿತ್ತಾಳೆಯದು, ಅಂಗೈ ಅಗಲ, ಅದರ ಮೇಲೆ "ಫ್ರೆಂಚ್ ಮಾರ್ಗದರ್ಶಿ" ಎಂದು ಕೊರೆದದ್ದು. ಚಿಕ್ಕಮ್ಮ ಅದನ್ನು ಹುಣಸೆಹಣ್ಣು ಹಾಕಿ ತಿಕ್ಕಿ ಮಗಳ ಎದೆಗೆ ಸಿಕ್ಕಿಸಿ, ದೃಷ್ಟಿ ತೆಗೆದಳು. ಯಶೋಧರಾ ಗೇಟಿನ ಮುಂದೆ ಸುಮ್ಮಸುಮ್ಮನೆ ಎರಡು ಸಲ ಓಡಾಡಿದಳು. ಗೇಟಿನವನು ಎದ್ದು ನಿಂತ. ಹೇಗೆ ಬಂದಿದ್ದರೇನು, ಬಂತಲ್ಲ ಎಂದು ಅವಳಿಗೂ ಅನ್ನಿಸಿತು. ಇನ್ನು ಫ್ರೆಂಚರ ಬಸ್ಸು ಬಂದರೆ ಸಾಕು ಎಂದು ಕಾಯತೊಡಗಿದಳು.

ಬಸ್ಸಿಗಿಂತ ಮೊದಲು ಉಗ್ರಪ್ಪ ಬಂದು ಬಿಲ್ಲೆಯ ಷರತ್ತುಗಳನ್ನು ಓದಿಹೇಳಿದರು. ಈ ಬಿಲ್ಲೆ ಧರಿಸಿದವರು ಯಾವ ಫ್ರೆಂಚಿನಲ್ಲಿ ತೇರ್ಗಡೆಯಾಗಿದ್ದಾರೋ ಅದೇ ಫ್ರೆಂಚನ್ನು ಮಾತಾಡತಕ್ಕದ್ದು. ಮೀರಿದರೆ ಬಿಲ್ಲೆ ವಾಪಸು.

"ಅಂದ್ರೆ ಗಿಡ್ಡಯ್ಯನವರದ್ದಾ ಸಾರ್?"

"ಅದೇ ನಿನ್ನದು. ಇನ್ನೊಂದು ಸಾಹೇಬರದು. ಅದು ಈಗ ಊರಲ್ಲಿಲ್ಲ, ಸಾಹೇಬರ ಜೊತೆ ಪ್ಯಾರಿಸ್‌ಗೆ ಹೋಗಿದೆ."

ಅದೂ ನಿಜವೇ. ಜಯದೇವಪ್ಪನವರು ಉಪ್ಪಿನಕಾಯಿ, ಚಟ್ನಿಪುಡಿ, ಒಂದು ಸೂಟು ಸಮೇತ ಪ್ಯಾರಿಸ್‌ಗೆ ಹೊರಟುಹೋಗಿದ್ದರು. ಸಾರ್ವಜನಿಕರಿಗೆ ತೊಂದರೆಯಾಗಬಾರದೆಂದು ದೇವಸ್ಥಾನದ ಮುಂದೆ ಒಂದು ಬೋರ್ಡು ನಿಲ್ಲಿಸಿದರು: "ಫ್ರೆಂಚ್ ಭಾಷೆಯು ಅಧ್ಯಯನ ಪ್ರವಾಸದಲ್ಲಿರುವ ಪ್ರಯುಕ್ತ ಹಳೇಬೀಡಿನಲ್ಲಿ ಸದ್ಯ ಲಭ್ಯವಿರುವುದಿಲ್ಲ. ಅಡಚಣೆಗಾಗಿ ವಿಷಾದಿಸುತ್ತೇವೆ." ಬೋರ್ಡು ಕನ್ನಡದಲ್ಲಿತ್ತು. ಫ್ರೆಂಚಿನಲ್ಲಿ ಬರೆಸೋಣವೆಂದರೆ ಫ್ರೆಂಚ್ ಊರಲ್ಲಿರಲಿಲ್ಲವಲ್ಲ!

ಪ್ರವಾಸ ಮುಗಿಸಿ ಬಂದ ಜಯದೇವಪ್ಪನವರು ವರದಿ ಒಪ್ಪಿಸಿದರು. ಪ್ಯಾರಿಸ್ ನಗರ ಸ್ವಚ್ಛವಾಗಿದೆ, ಆದರೆ ಅಲ್ಲಿನ ಜನ ಮಾತಾಡುವ ಫ್ರೆಂಚ್ ತಮಗೆ ಒಂದಕ್ಷರವೂ ಅರ್ಥವಾಗಲಿಲ್ಲ. ತಮ್ಮಂಥ ಉನ್ನತ ದರ್ಜೆಯವರಿಗೇ ಅರ್ಥವಾಗದಿರುವುದರಿಂದ ಅಲ್ಲಿ ನಿಯತ ಅಭ್ಯಾಸದ ಕೊರತೆ ಎದ್ದು ಕಾಣುತ್ತದೆ. ಪ್ರಾಧಿಕಾರದ ಶಾಖೆಯೊಂದನ್ನು ಅಲ್ಲಿ ತೆರೆಯುವುದು ಸೂಕ್ತ. ಈ ವರದಿಗೆ ಮೆಚ್ಚುಗೆ ಬಂದು, ಬಡ್ತಿಯೂ ಬಂದು, ಅವರನ್ನು ಕಾರವಾರದ ಮೀನಿನ ಇಲಾಖೆಗೆ ವರ್ಗ ಮಾಡಿದರು.

ಸುದ್ದಿ ಕೇಳಿದ್ದೇ ತಡ, ಯಶೋಧರಾ ಬಸ್ಸು ಹಿಡಿದು ಅರಸೀಕೆರೆಗೆ ಓಡಿದಳು. ಜಯದೇವಪ್ಪನವರು ಸಾಮಾನು ಕಟ್ಟಿಸುತ್ತಿದ್ದರು.

"ಸಾರ್, ನೀವು ಮೀನಿನ ಇಲಾಖೆಗೆ ಹೋಗ್ತಿದ್ದೀರಂತೆ. ಅಲ್ಲಿ ನಿಮಗೆ ಅದು ಬೇಕಾಗಲ್ಲ. ಇಲ್ಲೇ ಬಿಟ್ಟು ಹೋಗಿ ಸಾರ್, ನಿಮ್ಮ ದಮ್ಮಯ್ಯ," ಎಂದಳು. ತನ್ನದನ್ನು ತಾನೇ ಬೇಡುತ್ತಿದ್ದೇನೆ ಎಂದು ನಾಚಿಕೆಯಾಯಿತು, ಆದರೂ ಬೇಡಿದಳು.

ಜಯದೇವಪ್ಪನವರು ನಿಜವಾಗಿಯೂ ಮರುಗಿದರು. "ನನಗೇನೂ ಇಲ್ಲಮ್ಮ, ಕೊಡ್ತಿದ್ದೆ. ಆದ್ರೆ ಸರ್ವಿಸ್ ರಿಜಿಸ್ಟರಲ್ಲಿ ಎಂಟ್ರಿ ಆಗಿಬಿಟ್ಟಿದೆ. ನಾನು ರಿಟೈರ್ ಆಗೋ ತನಕ ನಾನು ಹೋದ ಕಡೆ ಅದೂ ಬರ್ಲೇಬೇಕು. ನೀನು ಬೇಜಾರು ಮಾಡ್ಕೋಬೇಡ. ಬೇರೆ ಯಾವುದಾದ್ರೂ ಭಾಷೆ ದಿನಾ ಮಾತಾಡ್ಕೊ, ಬರುತ್ತೆ. ನನಗೇ ಬಂತಲ್ಲ!"

ಗಿಡ್ಡಯ್ಯ ಟ್ರಂಕುಗಳನ್ನು ಲಾರಿಗೆ ಏರಿಸಿದ. ಜಯದೇವಪ್ಪನವರೂ ಅವರ ಫ್ರೆಂಚೂ ಕಾರವಾರಕ್ಕೆ ಹೊರಟುಹೋದರು.

ಮಾರನೆಯ ವಾರ ಹಳೇಬೀಡಿಗೆ ಫ್ರೆಂಚರ ಬಸ್ಸು ಬಂತು. ಬಿಲ್ಲೆ ಹಾಕಿಕೊಂಡ ಯಶೋಧರಾ ಮುಂದೆ ನಿಂತಳು. ಅತಿಥಿಗಳು ಬಿಲ್ಲೆ ನೋಡಿ ಸಂತೋಷಪಟ್ಟರು. ಗೇಟಿನ ಹತ್ತಿರ ಉಗ್ರಪ್ಪ ಛತ್ರಿ ಹಿಡಿದು ನಿಂತಿದ್ದರು. ಯಶೋಧರಾ ಒಂದು ಸಲ ಉಗ್ರಪ್ಪನನ್ನು ನೋಡಿದಳು, ಒಂದು ಸಲ ಬಿಲ್ಲೆಯನ್ನು ಮುಟ್ಟಿ ನೋಡಿಕೊಂಡಳು. ಆಮೇಲೆ, "ನೋಡ್ರಪ್ಪ, ಕೆಳಗಡೆ ಇರೋವು ಆನೆಗಳು," ಎಂದು ಶುರುಮಾಡಿದಳು.

ಒಂದು ಗಂಟೆ ಹೇಳಿದಳು. ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡು, ಆಮೇಲೆ ಇದು ಇಲ್ಲಿಯ ಪದ್ಧತಿಯಿರಬೇಕೆಂದು ಭಕ್ತಿಯಿಂದ ಕೇಳಿದರು. ಹೊರಡುವಾಗ ಒಬ್ಬ ಮುದುಕಿ ಅವಳ ಕೈ ಹಿಡಿದು ಫ್ರೆಂಚಿನಲ್ಲಿ, ಮಗಳೇ, ನೀನು ಹೇಳಿದ್ದು ಏನೂ ತಿಳಿಯಲಿಲ್ಲ, ಆದರೆ ನಿನಗೆ ಇದರ ಮೇಲೆ ಎಷ್ಟು ಪ್ರೀತಿಯಿದೆ ಎಂದು ತಿಳಿಯಿತು, ನಮ್ಮ ಭಾಷೆ ನಿನಗೆ ಬಂದಿದ್ದರೆ ಎಷ್ಟು ಚೆನ್ನಾಗಿತ್ತು ಎಂದಳು. ಅರ್ಥ ಮಾಡಿಕೊಳ್ಳಬಾರದೆಂದು ಷರತ್ತುಗಳಲ್ಲಿ ಇರಲಿಲ್ಲವಾದ್ದರಿಂದ ಯಶೋಧರಾ ಅಷ್ಟನ್ನೂ ಅರ್ಥ ಮಾಡಿಕೊಂಡಳು. ಉತ್ತರ ಬಾಯಿಯವರೆಗೂ ಬಂತು. ನುಂಗಿಕೊಂಡು ಕೈಮುಗಿದಳು.

ಮನೆಗೆ ಬಂದಾಗ ಚಿಕ್ಕಮ್ಮ ಮೊರದಲ್ಲಿ ಅಕ್ಕಿ ಹಸನು ಮಾಡುತ್ತಿದ್ದಳು.

"ಏನೇ, ಆ ಬಿಳೀ ಜನರ್ ತಾವ ನಮ್ ಮಾತೇ ಆಡ್ತಿದ್ದಂತೆ? ಗೇಟಿನೋನು ಹೇಳ್ದ."

"ಅದು ಫ್ರೆಂಚು ಕಣವ್ವ."

ಚಿಕ್ಕಮ್ಮನ ಕೈ ನಿಂತಿತು. "ಅದೇ ಫ್ರೆಂಚಾ? ಅಯ್ಯೋ ನನ್ ಕಂದ, ಹಂಗಾದ್ರೆ ನಂಗೂ ಬತ್ತದಲ್ಲೇ!"

"ಬತ್ತದೆ ಕಣವ್ವ. ಊರಿಗೆಲ್ಲ ಬತ್ತದೆ."

ಚಿಕ್ಕಮ್ಮ ಒಂದಿಷ್ಟು ಕಲ್ಲು ಆರಿಸಿ ಹೊರಗೆ ಎಸೆದಳು. "ಮತ್ತೆ ಇಷ್ಟ್ ವರ್ಸ ಬೆಳಿಗ್ಗೆ ಎದ್ದು ಎದ್ದು ಏನೋ ಒಂದ್ ಮಾತಾಡ್ತಿದ್ದೆಯಲ್ಲ, ಅದ್ಯಾವ್ದು?"

"ಅದು ಸಾಹೇಬರ್ದು."

ಚಿಕ್ಕಮ್ಮನಿಗೆ ಸಮಾಧಾನವಾಯಿತು. "ಅವರ ಸಾಮಾನು ಅವರಿಗೆ ಸೇರ್ತಲ್ಲ, ಒಳ್ಳೇದಾಯ್ತು ಬಿಡು," ಎಂದು ಅಕ್ಕಿ ಕೇರತೊಡಗಿದಳು.